ಹಳೆಯ ಆಟಕ್ಕೆ ಹಳೆಯ ನಡಿಗೆ

ಪ್ರಶ್ನೆ: ‘ಸ್ಪೇಸ್ ಇನ್ವೇಡರ್ಸ್’ನಂಥ ಹಳೆಯ ಆಟ ಇಂದಿನ ಕಂಪ್ಯೂಟರಿನಲ್ಲಿ ಅತಿವೇಗವಾಗಿ ಓಡುವುದಿಲ್ಲವೇಕೆ?

ಉತ್ತರ: ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರ್, ಅದನ್ನು ಹಳೆಯ ವೇಗಕ್ಕೇ ಕಟ್ಟಿಹಾಕುವುದರಿಂದ. 1978ರಲ್ಲಿ ಜಪಾನಿನ ಟೈಟೊ ಕಂಪನಿ ತಂದ ಈ ಆಟದ ಯಂತ್ರದಲ್ಲಿದ್ದದ್ದು ಸುಮಾರು 2 ಮೆಗಾಹರ್ಟ್ಸ್ ವೇಗದ ಇಂಟೆಲ್ 8080 ಚಿಪ್. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತಿತ್ತು. ಒಂದು ಸಲಕ್ಕೆ ಆಟದ ಶತ್ರುಗಳಲ್ಲಿ ಒಬ್ಬನೇ ಹೆಜ್ಜೆಯಿಡುತ್ತಿದ್ದ. ಹಾಗಾಗಿ 55 ಮಂದಿಯ ದಂಡು ಒಂದು ಹೆಜ್ಜೆ ಸರಿಯಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಆಟಗಾರನ ಗುಂಡಿಗೆ ಒಬ್ಬೊಬ್ಬರೇ ಉದುರಿದಂತೆ ಉಳಿದವರ ಸರದಿ ಬೇಗ ಬರುತ್ತದೆ; ಕೊನೆಗೆ ಉಳಿದವನು ಕಾಲಿಗೆ ಬುದ್ಧಿ ಹೇಳುತ್ತಾನೆ! ‘ಮೇಮ್’ ಎಂಬ ಎಮ್ಯುಲೇಟರ್ ಆ ಚಿಪ್‌ನ ಒಂದೊಂದು ಆಜ್ಞೆಯನ್ನೂ ಅನುಕರಿಸಿ, ಪ್ರತಿ ಚಿತ್ರದ ಬಳಿಕ ಹಳೆಯ ಗಡಿಯಾರಕ್ಕಾಗಿ ಕಾಯುತ್ತದೆ. ಆ ಕಾಯುವಿಕೆ ತೆಗೆದರೆ ಆಟ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿದೀತು.