ಪಕ್ಕಾ ಬಿಲ್ ಕೇಳಿ ಪಡೆಯಿರಿ

ಕಳೆದ ವರ್ಷ ಗಣಪತಿ ಹಬ್ಬಕ್ಕೆ ಮುಂಚೆ ಡೊಂಬಿವಲಿ ಸ್ಟೇಷನ್ ಹತ್ತಿರದ ಅಂಗಡಿಯೊಂದರಲ್ಲಿ ಮಿಕ್ಸರ್ ಕೊಂಡೆವು. ಬೆಲೆ 3,800 ರೂಪಾಯಿ. ದುಡ್ಡು ಎಣಿಸುವಾಗ ಅಂಗಡಿಯವ ಕೇಳಿದ: "ಪಕ್ಕಾ ಬಿಲ್ ಬೇಕಾ? ಹಾಗಾದರೆ ಮೇಲೆ ಶೇ. 18 ಜಿಎಸ್‌ಟಿ ಆಗುತ್ತೆ." ಏಳುನೂರು ರೂಪಾಯಿ ಯಾಕೆ ದಂಡ ಎಂದುಕೊಂಡು ಬಿಳಿ ಚೀಟಿ ಹಿಡಿದು ಮನೆಗೆ ಬಂದೆವು.

ನಾಲ್ಕೇ ತಿಂಗಳಿಗೆ ಮೋಟಾರು ಸುಟ್ಟಿತು. ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಕೇಳಿದ್ದೇ ಬಿಲ್. ನಮ್ಮ ಚೀಟಿಯಲ್ಲಿ ಅಂಗಡಿಯ ಹೆಸರಿಲ್ಲ, ನಂಬರಿಲ್ಲ, ಬರೀ ಮೊತ್ತ. ಅಂಗಡಿಗೆ ಹೋದರೆ, "ಇದು ನಮ್ಮ ಚೀಟಿ ಅಂತ ಹೇಗೆ ಹೇಳ್ತೀರಿ?" ಎಂದ. ಎರಡು ವರ್ಷದ ವಾರಂಟಿ ಇದ್ದೂ 1,450 ರೂಪಾಯಿ ಕೈಯಿಂದ ಹೋಯಿತು.

ಪೆಟ್ಟು ತಿಂದ ಮೇಲೆ ಕಾನೂನು ಓದಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಅಥವಾ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಳ್ಳಲು ಒಪ್ಪದಿರುವುದೂ ಅದೇ ಸಾಲಿಗೆ ಸೇರುತ್ತದೆ.

"ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ" ಎಂಬ ಮಾತನ್ನೂ ನಂಬಬೇಡಿ. ಡಬ್ಬದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ. 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ ಪ್ರತ್ಯೇಕ ಬಿಲ್ ಮಾಡದಿರಲು ಜಿಎಸ್‌ಟಿ ನಿಯಮದಲ್ಲಿ ವಿನಾಯಿತಿ ಇದೆ. ಆದರೆ ಗಿರಾಕಿ ಕೇಳಿದರೆ ಕೊಡಲೇಬೇಕು.

"ಫೋನಿನಲ್ಲಿ ದುಡ್ಡು ಕಳಿಸಿದ್ದೇನಲ್ಲ, ಅದೇ ಸಾಕ್ಷಿ" ಎನ್ನುವವರಿದ್ದಾರೆ. ದುಡ್ಡು ಹೋಯಿತೆಂದು ಅದು ಹೇಳೀತು. ಏನು ಕೊಂಡಿರಿ ಎಂದು ಹೇಳುವುದಿಲ್ಲ. ಬಿಲ್ಲಿನಲ್ಲಿ ಅಂಗಡಿಯ ಹೆಸರು, ವಿಳಾಸ, ಕ್ರಮಸಂಖ್ಯೆ, ತಾರೀಕು, ವಸ್ತುವಿನ ವಿವರ, ಬೆಲೆ ಇವೆಯೇ ನೋಡಿಕೊಳ್ಳಿ. ಯಂತ್ರವಾದರೆ ಸೀರಿಯಲ್ ನಂಬರನ್ನೂ ಬರೆಸಿ. ಕೆಲವು ಬಿಲ್ಲುಗಳ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತದೆ. ಅಂದೇ ಫೋಟೊ ತೆಗೆದಿಡಿ.

ಊರೂರು ವರ್ಗವಾಗುವ ನಮ್ಮಂಥವರಿಗೆ ಹೊಸ ಕಾಯ್ದೆಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಪುಣೆಯಲ್ಲಿ ಕೊಂಡು ಈಗ ಹೈದರಾಬಾದಿನಲ್ಲಿದ್ದರೆ, ಈಗಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ವಕೀಲರು ಕಡ್ಡಾಯವಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಮರಾಠಿ, ಹಿಂದಿ ತಡವರಿಸಬೇಕಿಲ್ಲ; ಕನ್ನಡದಲ್ಲೂ ಮಾತಾಡಬಹುದು.

ಮೊನ್ನೆ ಇಸ್ತ್ರಿಪೆಟ್ಟಿಗೆ ಕೊಳ್ಳಲು ಹೋದಾಗ ಮತ್ತೆ ಅದೇ ಪ್ರಶ್ನೆ ಬಂತು. "ಪಕ್ಕಾ ಬಿಲ್ಲೇ ಬೇಕು, ಎಂಆರ್‌ಪಿ ಒಳಗೇ" ಎಂದಳು ನನ್ನಾಕೆ. ಅಂಗಡಿಯವ ಒಂದು ಕ್ಷಣ ಮುಖ ನೋಡಿದ. ಆಮೇಲೆ ಮೇಜಿನ ಕೆಳಗಿಂದ ಬಿಲ್ ಪುಸ್ತಕ ತೆಗೆದ.