ಬಿಸಿಲಿಗೆ ಹಾಕಬಹುದಾದ ಬಟ್ಟೆ

ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಚಿಕ್ಕಜಾಲ. ಇಂತಹ ಊರಿಗೆ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಏಳು ದಿನದ ಶಿಬಿರಕ್ಕೆ ಬಂದರೆನ್ನಿ. ಬೀದಿ ಗುಡಿಸುವುದು, ಗಿಡ ನೆಡುವುದು ಹೇಗೂ ಇದ್ದದ್ದೇ. ಜೊತೆಗೆ ನಾಲ್ಕು ಹೊಲಿಗೆ ಯಂತ್ರಗಳನ್ನಿಟ್ಟು, ಶಾಲೆಯ ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳ ಬಟ್ಟೆ ಹೊಲಿದುಕೊಡಬಾರದೇಕೆ? ಹುಡುಗರೂ ಹೊಲಿಯಲಿ, ನಮ್ಮ ದರ್ಜಿಗಳಲ್ಲಿ ಗಂಡಸರೇನು ಕಡಿಮೆಯೆ?

ಸರಕಾರದ ಪ್ಯಾಡ್ ಇದೆಯಲ್ಲ ಎಂದು ತಾವು ಕೇಳಬಹುದು. 2013-14ರಲ್ಲಿ ಆರಂಭವಾದ ‘ಶುಚಿ’ ಯೋಜನೆ ನಡುವೆ ಕೆಲವು ವರ್ಷ ನಿಂತು, 2024ರಲ್ಲಿ ಮತ್ತೆ ಮೊದಲಾಯಿತು. ಯೋಜನೆ ನಿಂತಿತೆಂದು ಹುಡುಗಿಯರು ದೊಡ್ಡವರಾಗುವುದು ನಿಲ್ಲಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 24 ವಯಸ್ಸಿನ ಭಾರತೀಯ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಬಟ್ಟೆಯನ್ನು ಬಳಸುವುದಾಗಿ ತಿಳಿಸಿದರು.

ಬಟ್ಟೆಯೇ ಕೆಟ್ಟದ್ದೆಂದು ಕೆಲವರ ಎಣಿಕೆ. ಹಾಗಲ್ಲ. ನಾಚಿಕೆಯಿಂದ ಅದನ್ನು ಬಚ್ಚಲ ಮೂಲೆಯಲ್ಲಿ, ಬೇರೊಂದು ಸೀರೆಯ ಅಡಿಯಲ್ಲಿ ಮರೆಮಾಡಿ ಒಣಗಿಸುತ್ತಾರಲ್ಲ, ಅದು ಕೆಟ್ಟದ್ದು. ಅರೆ ಒಣಗಿದ ಬಟ್ಟೆಯಲ್ಲಿ ಬೂಷ್ಟು, ರೋಗಾಣು ಬೆಳೆಯುತ್ತವೆ.

ಅಮೆರಿಕದ ಸೆಲೆಸ್ಟ್ ಮರ್ಗೆನ್ಸ್ 2008ರಲ್ಲಿ ‘ಡೇಸ್ ಫಾರ್ ಗರ್ಲ್ಸ್’ ಸಂಸ್ಥೆಯನ್ನು ಆರಂಭಿಸಿದ್ದು ಕೀನ್ಯಾದ ಅನಾಥ ಹುಡುಗಿಯರಿಗಾಗಿ. ಮೊದಲು ಕೊಟ್ಟದ್ದು ಬಳಸಿ ಬಿಸಾಡುವ ಪ್ಯಾಡನ್ನೇ. ಬಿಸಾಡಲು ಅಲ್ಲಿ ಜಾಗವಿರಲಿಲ್ಲ! ಆಮೇಲೆ ತೊಳೆಯುವ ಬಟ್ಟೆಗೆ ತಿರುಗಿದರು. ಅವರ ಹೊಲಿಗೆಯ ಜಾಣತನ ನೋಡಿ. ಒಳಚಡ್ಡಿಗೆ ಟಿಚ್ ಬಟನ್ನಿನಿಂದ ಸಿಕ್ಕಿಸುವ ಒಂದು ಕವಚ. ಅದರೊಳಗೆ ನೀರು ಇಳಿಯದ ಪದರ, ಎರಡು ತುದಿಯಲ್ಲೂ ಜೇಬು. ಆ ಜೇಬುಗಳಲ್ಲಿ ನಿಲ್ಲುವುದು ಮಡಿಸಿದ ಫ್ಲಾನೆಲ್ ತುಂಡು. ತೊಳೆದು ಬಿಡಿಸಿದರೆ ಅದು ಸಾದಾ ಚೌಕ; ತಂತಿಯ ಮೇಲೆ ಹರವಿದರೆ ಕೈವಸ್ತ್ರವೆಂದೇ ದಾರಿಹೋಕರು ತಿಳಿದಾರು. ಬಣ್ಣ ಗಾಢ, ಮೇಲೆ ಹೂವಿನ ಚಿತ್ತಾರ. ಕಲೆ ಉಳಿದರೂ ಕಾಣದು. ಹುಡುಗಿ ಧೈರ್ಯವಾಗಿ ಬಿಸಿಲಿಗೆ ಹಾಕಬಹುದು. ಒಂದೊಂದು ಲಾಡಿ ಚೀಲದಲ್ಲಿ ಎರಡು ಕವಚ, ಎಂಟು ತುಂಡು, ಸೋಪು, ಎರಡು ಒಳಚಡ್ಡಿ. ಒಳಚಡ್ಡಿಯನ್ನು ಹಲವರು ಮರೆಯುತ್ತಾರೆ. ಅದಿಲ್ಲದೆ ಬಟನ್ ಹಾಕುವುದೆಲ್ಲಿಗೆ?

ಹೊಲಿಯುವ ಮುನ್ನ ಫ್ಲಾನೆಲನ್ನು ಒಮ್ಮೆ ಒಗೆಯಿರಿ, ಆಮೇಲೆ ಕುಗ್ಗದು. ಬಳಸಿದ್ದನ್ನು ಮೊದಲು ತಣ್ಣೀರಿನಲ್ಲೇ ನೆನೆಸಬೇಕು. ಬಿಸಿನೀರು ಹೊಯ್ದರೆ ಕಲೆ ಕಚ್ಚಿಕೊಳ್ಳುತ್ತದೆ. ಚೀಲ ಹಂಚುವ ದಿನ ಶಿಕ್ಷಕಿಯೋ ಆಶಾ ಕಾರ್ಯಕರ್ತೆಯೋ ಇದನ್ನೆಲ್ಲ ಒಂದು ಬಕೆಟ್ ನೀರಿಟ್ಟುಕೊಂಡು ಮಾಡಿ ತೋರಿಸಲಿ, ತಾಯಂದಿರನ್ನೂ ಕರೆಯಲಿ. ತಂತಿ ಎಲ್ಲಿ ಕಟ್ಟಬೇಕೆಂದು ಮನೆಯಲ್ಲಿ ಗೊತ್ತುಮಾಡುವವರು ಅವರೇ ತಾನೆ.