ಈ ಮರಕ್ಕೆ ಈಗಲೇ ಕತ್ತಿ ಬೇಡ

ಕಳೆದ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಊರಿಗೆ ಬಂದಾಗ ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಜೊತೆ ದರ್ಜಿಯವರ ಟೇಪ್ ಒಂದಿತ್ತು. ಸುಳ್ಯ ತಾಲೂಕಿನ ನಮ್ಮ ಗುಡ್ಡೆಯಲ್ಲಿ ಅಪ್ಪ ನೆಟ್ಟ 300 ರಬ್ಬರ್ ಮರಗಳಿಗೆ ಏಳು ವರ್ಷ ತುಂಬಿತ್ತು. ಯಾವ ಮರಕ್ಕೆ ಟ್ಯಾಪಿಂಗ್ ಶುರು ಮಾಡೋದು, ಯಾವುದನ್ನು ಬಿಡೋದು ಅಂತ ತೀರ್ಮಾನ ಆಗಬೇಕಿತ್ತು.

ನಮ್ಮ ಮನೆಗೆ ಇದು ದೊಡ್ಡ ವಿಷಯವೇ. ಸಂಪಾಜೆ, ಅರಂತೋಡು, ಮರ್ಕಂಜ ಕಡೆಯವರಿಗೆ ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಸೋಗೆ ಹಳದಿಯಾಗುತ್ತಾ ಬರುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ನಮ್ಮ ತೋಟವೂ ಹಾಗೇ ಹೋಯಿತು. ಅಪ್ಪನ ಪಾಲಿಗೆ ಉಳಿದಿದ್ದು ಈ ರಬ್ಬರ್ ಮಾತ್ರ.

ನಮಗೆ ಟ್ಯಾಪಿಂಗ್ ಮಾಡುವ ಅಣ್ಣನ ಕುಟುಂಬ ಶ್ರೀಲಂಕಾದಿಂದ ಬಂದದ್ದು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಹಾಗೆ ಮರಳಿದ ತಮಿಳು ಕುಟುಂಬಗಳಿಗೆ ಪುತ್ತೂರು, ಸುಳ್ಯ ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಆ ತೋಟಗಳು ಈಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಅಣ್ಣ ಅಲ್ಲೇ ಕತ್ತಿ ಹಿಡಿಯಲು ಕಲಿತವರು.

ರಬ್ಬರ್ ಬೋರ್ಡ್ ಹೇಳುವ ಲೆಕ್ಕ ಸುಲಭ. ಕಸಿ ಗಿಡವಾದರೆ ಕಸಿ ಕಟ್ಟಿದ ಜಾಗದಿಂದ 125 ಸೆಂ.ಮೀ. ಮೇಲೆ ಟೇಪ್ ಸುತ್ತಬೇಕು. ಸುತ್ತಳತೆ 50 ಸೆಂ.ಮೀ. ಇದ್ದರೆ ಆ ಮರ ತಯಾರು. ತೋಟದಲ್ಲಿ 70% ಮರಗಳು ಹೀಗೆ ತಯಾರಾದಾಗ ಟ್ಯಾಪಿಂಗ್ ಶುರು ಮಾಡಬಹುದು. ವಯಸ್ಸಿಗಿಂತ ಸುತ್ತಳತೆಯೇ ಮುಖ್ಯ.

ಎರಡು ದಿನ ಗುಡ್ಡೆ ಹತ್ತಿ ಇಳಿದು ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದೆ. 212 ಮರ ಪಾಸ್. 61 ಮರ 45ರಿಂದ 50ರ ನಡುವೆ. 27 ಅದಕ್ಕಿಂತ ಸಪೂರ. ಒಂದೇ ದಿನ ನೆಟ್ಟ, ಒಂದೇ ತಳಿಯ ಗಿಡಗಳು ಇಷ್ಟು ಹೆಚ್ಚು ಕಮ್ಮಿ ಯಾಕೆ? ಮೇಲಿನ ಕಸಿ ಒಂದೇ ಆದರೂ ಕೆಳಗಿನ ಬೇರು ಬೀಜದಿಂದ ಹುಟ್ಟಿದ್ದು, ಒಂದೊಂದರ ಕಸುವು ಒಂದೊಂದು ಥರ. ಕಾಡಿನ ಬದಿಯವಕ್ಕೆ ಬಿಸಿಲು ಕಮ್ಮಿ. ಕೆಲವು, ಸತ್ತ ಗಿಡದ ಜಾಗದಲ್ಲಿ ತಡವಾಗಿ ನೆಟ್ಟವು.

"ಈ 61ಕ್ಕೂ ಈಗಲೇ ಶುರು ಮಾಡುವ ಅಣ್ಣ, ಎರಡು-ಮೂರು ಸೆಂಟಿಮೀಟರ್ ತಾನೇ?" ಅಂದೆ.

ಅವರಿಗೆ ಸಂಬಳ ಮರದ ಲೆಕ್ಕದಲ್ಲಿ. ಮರ ಜಾಸ್ತಿಯಾದರೆ ಅವರಿಗೇ ಲಾಭ. ಆದರೂ ತಲೆ ಅಲ್ಲಾಡಿಸಿದರು. "ಬೇಡ ತಮ್ಮಾ. ಈಗ ಹಾಲು ತೆಗೆದರೆ ಅದು ಮತ್ತೆ ದಪ್ಪ ಆಗೋದೇ ನಿಧಾನ. ನಿಮ್ಮ ಅಪ್ಪ ಏಳು ವರ್ಷ ಕಾದಿದ್ದಾರೆ, ನೀವು ಆರು ತಿಂಗಳು ಕಾಯಿರಿ."

ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವರು ಬರುವ ಮೊದಲೇ 46 ಸೆಂ.ಮೀ.ನ ಒಂದು ಮರಕ್ಕೆ ನಾನೇ ಕತ್ತಿ ಇಟ್ಟೆ. ಯೂಟ್ಯೂಬ್‌ನಲ್ಲಿ ನೋಡಿದ ಹಾಗೇ, ಎಡದ ಮೇಲಿನಿಂದ ಬಲದ ಕೆಳಗೆ, 30 ಡಿಗ್ರಿ ಓರೆ. ಹಾಲು ಬಂತು, ಗೆರಟೆಯ ತಳ ಮುಚ್ಚುವಷ್ಟು. ಆದರೆ ಕತ್ತಿ ಮರಕ್ಕೇ ತಾಗಿತ್ತು.

ಹಾಲಿನ ನಾಳಗಳು ಹೆಚ್ಚಾಗಿ ಇರೋದು ತೊಗಟೆಯ ಒಳಬದಿಯಲ್ಲಿ. ಅದರ ಹಿಂದೆಯೇ ಹೊಸ ತೊಗಟೆ ಹುಟ್ಟಿಸುವ ತೆಳು ಪದರ. ಸುಮಾರು ಒಂದು ಮಿಲಿಮೀಟರ್ ಬಿಟ್ಟು ಕೆತ್ತಬೇಕು. ಸಪೂರ ಮರದ ತೊಗಟೆ ತೆಳು, ಅದರಲ್ಲಿ ನಾಳವೂ ಕಮ್ಮಿ, ಕೈ ತಪ್ಪಲು ಜಾಗವೂ ಕಮ್ಮಿ. ಆ ಪದರಕ್ಕೆ ಗಾಯವಾದರೆ ಹೊಸ ತೊಗಟೆ ಗಂಟುಗಂಟಾಗಿ ಬರುತ್ತದೆ. ಮುಂದೆ ಅದೇ ಜಾಗದಲ್ಲಿ ಮತ್ತೆ ಟ್ಯಾಪಿಂಗ್ ಮಾಡಬೇಕಾದಾಗ ಕತ್ತಿ ಸರಿಯಾಗಿ ಓಡುವುದಿಲ್ಲ.

ಕೆನಡಾದಲ್ಲಿ ಮೇಪಲ್ ಮರದಿಂದ ಸಿಹಿ ರಸ ತೆಗೆಯುವವರೂ ಮೊದಲು ಕಾಂಡದ ದಪ್ಪ ಅಳೆಯುತ್ತಾರೆ. ಅಲ್ಲಿ ರಸ ಇಳಿಸೋದು ಚಳಿ ಬಿಡುವ ಕೆಲವು ವಾರ ಮಾತ್ರ. ನಮ್ಮ ರಬ್ಬರಿಗೆ ಹೆಚ್ಚುಕಮ್ಮಿ ವರ್ಷವಿಡೀ ಎರಡು-ಮೂರು ದಿನಕ್ಕೊಮ್ಮೆ ಕತ್ತಿ, ಅದೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು. ಮೊದಲ ಗೆರೆ ಎಳೆಯುವಾಗ ಅವಸರ ಮಾಡಿದರೆ ಅಷ್ಟೂ ವರ್ಷ ಅನುಭವಿಸಬೇಕು.

ಅಣ್ಣ ಬಂದು ಗಾಯ ನೋಡಿದರು. ಬೈಯಲಿಲ್ಲ. 212 ಮರಕ್ಕೆ ಬಿಳಿ ಪೇಂಟ್ ಗುರುತು ಹಾಕಿಸಿ ಕೆಲಸ ಶುರು ಮಾಡಿದರು.

ಮಾರ್ಚ್-ಏಪ್ರಿಲ್‌ನಲ್ಲಿ ಉಳಿದ ಮರಗಳಿಗೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಅವಕಾಶ ಇದೆ. ಮಳೆಗಾಲ ಮುಗೀತಾ ಬಂದಾಗ ಮತ್ತೆ ಟೇಪ್ ಹಿಡಿದು ಹೋದೆ. 61ರಲ್ಲಿ 34 ಮರ 50 ದಾಟಿದ್ದವು. ನಾನು ಕೆತ್ತಿದ್ದು ದಾಟಿರಲಿಲ್ಲ. ಗಾಯದ ಜಾಗದಲ್ಲಿ ಮುಷ್ಟಿಯಷ್ಟು ಗಂಟು.

ಅಪ್ಪ ಅದನ್ನು ಕಡಿಯಲು ಬಿಡಲಿಲ್ಲ. "ಇರಲಿ, ಅದರ ಇನ್ನೊಂದು ಬದಿ ಸರಿ ಉಂಟಲ್ಲ" ಅಂದರು.

ನಿಮ್ಮ ಮನೆಯಲ್ಲೂ ಏಳು ವರ್ಷದ ರಬ್ಬರ್ ಇದ್ದರೆ, ಈ ಸಲ ಊರಿಗೆ ಹೋಗುವಾಗ ಒಂದು ಟೇಪ್ ಕೊಂಡು ಹೋಗಿ. ಕತ್ತಿ ಮಾತ್ರ ಗೊತ್ತಿದ್ದವರ ಕೈಯಲ್ಲೇ ಇರಲಿ.